ಟಗರಿಗೆ ಯಾವ ಪುಡಿ? ಸತು, ಸೆಲೆನಿಯಂ ಮತ್ತು ಅಡಿಕೆ ತೋಟದ ಮೈಲುತುತ್ತು

ಜುಲೈ ಕೊನೆಯ ವಾರ. ಕಾರ್ಕಳದ ಕಡೆಯ ನಮ್ಮ ಊರಿನಲ್ಲಿ ಮಳೆ ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಪಕ್ಕದ ಮನೆಯವರು ಕೊಡೆ ಮಡಚಿ ಜಗಲಿಯಲ್ಲಿ ಕೂತರು. ಚಹಾ ಬರುವ ಮೊದಲೇ ವಿಷಯಕ್ಕೆ ಬಂದರು.

"ಮಾಷ್ಟ್ರೆ, ನಮ್ಮ ಟಗರಿಗೆ ಒಂದು ಒಳ್ಳೆ ಪುಡಿ ಹೇಳಿ ಮಾರಾಯ್ರೆ. ಕುರಿಗಳ ಮೇಲೆ ಹಾಯುತ್ತದೆ, ಉತ್ಸಾಹಕ್ಕೇನೂ ಕಡಿಮೆ ಇಲ್ಲ. ಆದರೆ ಒಂದು ಕುರಿಯೂ ಗಬ್ಬ ನಿಲ್ಲುವುದಿಲ್ಲ. ಅಂಗಡಿಯವರು ಮಿನರಲ್ ಕೊಡಿ ಅಂತಾರೆ."

ನಾನು ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನು. ನಿವೃತ್ತಿಯ ನಂತರ ಹಟ್ಟಿಯ ಮೂಲೆಯಲ್ಲಿ ಹಲಗೆ ಅಟ್ಟ ಕಟ್ಟಿ ಹದಿನಾಲ್ಕು ಕುರಿ ಸಾಕಿದ್ದೇನೆ. ಪಶುವೈದ್ಯನಲ್ಲ. ಆದರೂ ಕುರಿ ಸಾಕುವವರು ಕಡಿಮೆ ಇರುವ ಊರಿನಲ್ಲಿ ನಾನೇ ಪಂಡಿತ! ಕರಾವಳಿ ಮೊದಲಿನಿಂದಲೂ ಆಡಿನ ಸೀಮೆ. ತುಳುವಿನ ಏಡು ಎಲ್ಲರ ಮನೆಯಲ್ಲೂ ಇತ್ತು. ಕುರಿ ಅಂದರೆ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಪ್ರಾಣಿ. ಬನ್ನೂರು, ಹಾಸನ, ಬಳ್ಳಾರಿ, ಕೆಂಗುರಿ, ಡೆಕ್ಕನಿ, ಎಲ್ಲವೂ ಒಣ ಸೀಮೆಯ ತಳಿಗಳು. ಈಗ ನಮ್ಮಲ್ಲೂ ಕೆಲವರು ಅಟ್ಟದ ಮೇಲೆ ಕುರಿ ಕಟ್ಟಿ ಸಾಕುತ್ತಿದ್ದಾರೆ. ಜೊತೆಗೆ ಆಡಿನ ಲೆಕ್ಕವನ್ನೇ ಕುರಿಗೂ ಹಾಕುತ್ತಿದ್ದಾರೆ. ಖನಿಜದ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅವರಿಗೆ ನಾನು ಮೊದಲು ಕೇಳಿದ್ದು ಪುಡಿಯ ಬಗ್ಗೆ ಅಲ್ಲ. "ಏಪ್ರಿಲ್, ಮೇ ತಿಂಗಳಲ್ಲಿ ಟಗರು ಎಲ್ಲಿತ್ತು?"

ಎರಡು ತಿಂಗಳ ಹಿಂದಿನ ಸರಕು

ಟಗರು ಹಾಯುವುದು ಬೇರೆ, ಅದರ ವೀರ್ಯ ಸರಿ ಇರುವುದು ಬೇರೆ. ಹಾಯುವ ಹುಮ್ಮಸ್ಸು ಹಾರ್ಮೋನಿನ ಕೆಲಸ. ವೀರ್ಯಾಣು ತಯಾರಾಗುವುದು ಬೀಜದ, ಅಂದರೆ ವೃಷಣದ, ಒಳಗಿನ ಸಣ್ಣ ಸಣ್ಣ ನಾಳಗಳಲ್ಲಿ. ಒಂದು ಕೆಟ್ಟರೂ ಇನ್ನೊಂದು ಚೆನ್ನಾಗಿರಬಹುದು. ಕುರಿ ಬೆದೆಗೆ ಬರುವುದು ಸುಮಾರು 17 ದಿನಕ್ಕೊಮ್ಮೆ. ಟಗರು ಹಾಯ್ದ ಕುರಿ 17 ದಿನ ಬಿಟ್ಟು ಮತ್ತೆ ಬೆದೆಗೆ ಬಂತು, ಇನ್ನೂ 17 ದಿನಕ್ಕೆ ಮತ್ತೊಮ್ಮೆ ಬಂತು ಅಂದರೆ ಗಬ್ಬ ನಿಂತಿಲ್ಲ ಎಂದೇ ಲೆಕ್ಕ. ಒಂದೆರಡು ಕುರಿ ಹೀಗಾದರೆ ಕುರಿಯದ್ದೇ ತೊಂದರೆ ಇರಬಹುದು. ಹಿಂಡಿಗೆ ಹಿಂಡೇ ಹೀಗಾದರೆ ಟಗರಿನ ಮೇಲೆ ಕಣ್ಣು ಹೋಗಬೇಕು.

ಒಂದು ವೀರ್ಯಾಣು ಬೀಜದಲ್ಲಿ ಪೂರ್ತಿ ರೂಪ ಪಡೆಯಲು 47ರಿಂದ 49 ದಿನ ಬೇಕು. ಆಮೇಲೆ ಬೀಜಕ್ಕೆ ಅಂಟಿಕೊಂಡಿರುವ ಸುರುಳಿ ನಾಳದಲ್ಲಿ ಹಣ್ಣಾಗಲು, ಈಜುವ ತಾಕತ್ತು ಬರಲು ಇನ್ನೊಂದು ಹತ್ತು ಹದಿನಾಲ್ಕು ದಿನ. ಒಟ್ಟು ಎರಡು ತಿಂಗಳು. ಅಂದರೆ ಇವತ್ತು ಟಗರು ಬಿಡುವ ವೀರ್ಯ ಎರಡು ತಿಂಗಳ ಹಿಂದೆ ಕೆಲಸ ಶುರುವಾದ ಸರಕು. ನಾಳೆ ಹಾಯಿಸಬೇಕು ಅಂತ ಇವತ್ತು ಪುಡಿ ತಿನ್ನಿಸಿದರೆ, ಆ ಪುಡಿ ನಾಳೆಯ ವೀರ್ಯವನ್ನು ಮುಟ್ಟುವುದೇ ಇಲ್ಲ.

ನಮ್ಮಲ್ಲಿ ಈ ಎರಡು ತಿಂಗಳು ಯಾವಾಗ ಬೀಳುತ್ತದೆ ನೋಡಿ. ಕುರಿಯ ಗರ್ಭ ಸುಮಾರು 150 ದಿನ. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ ಮರಿ ಹಾಕಿದರೆ ಉಳಿಸಿಕೊಳ್ಳುವುದು ಕಷ್ಟ. ನವೆಂಬರ್‌ನಲ್ಲಿ, ಮಳೆ ಹೋಗಿ ಹುಲ್ಲು ಇನ್ನೂ ಹಸಿರಾಗಿರುವಾಗ ಮರಿ ಬಂದರೆ ಚೆಂದ. ಅದಕ್ಕೆ ಜೂನ್‌ನಲ್ಲಿ ಹಾಯಿಸಬೇಕು. ಜೂನ್‌ನಲ್ಲಿ ಕೆಲಸಕ್ಕೆ ಬರುವ ವೀರ್ಯ ತಯಾರಾಗುವುದು ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ.

ಸೆಕೆ ಅಂದರೆ ಬರೀ ಬಿಸಿಲಲ್ಲ. ಕಲಬುರಗಿಯ ಬಿಸಿಲು ನಮ್ಮದಕ್ಕಿಂತ ಜಾಸ್ತಿ, ಆದರೆ ಅಲ್ಲಿ ಬೆವರು ಆರುತ್ತದೆ. ಇಲ್ಲಿ ಆರುವುದಿಲ್ಲ. ಟಗರಿನ ಮೈ ಬಿಸಿ ಸುಮಾರು 39 ಡಿಗ್ರಿ. ಬೀಜ ಮಾತ್ರ ಅದಕ್ಕಿಂತ 4ರಿಂದ 6 ಡಿಗ್ರಿ ತಂಪಾಗಿರಬೇಕು. ಅದಕ್ಕೇ ಅದು ಹೊಟ್ಟೆಯ ಹೊರಗೆ ಚೀಲದಲ್ಲಿ ಜೋತುಬಿದ್ದಿರುವುದು. ಚೀಲದ ಚರ್ಮ ಬೆವರುತ್ತದೆ. ಒಳಗೆ ಹೋಗುವ ಬಿಸಿ ರಕ್ತದ ಸುತ್ತ, ಹೊರಗೆ ಬರುವ ತಂಪು ರಕ್ತದ ನಾಳಗಳು ಬಳ್ಳಿಯಂತೆ ಸುತ್ತಿಕೊಂಡು ಬಿಸಿಯನ್ನು ಹೀರುತ್ತವೆ. ಬೆವರು ಆರದ ಹವೆಯಲ್ಲಿ, ತಗಡಿನ ಮಾಡಿನ ಕೆಳಗೆ, ಈ ಏರ್ಪಾಡು ಸೋಲುತ್ತದೆ. ಅವತ್ತು ಹೊರಗೆ ಏನೂ ಕಾಣುವುದಿಲ್ಲ. ಎರಡು ಮೂರು ವಾರ ಬಿಟ್ಟು ವೀರ್ಯ ಕೆಡುತ್ತದೆ. ಸರಿಹೋಗಲು ಮತ್ತೆ ಎರಡು ತಿಂಗಳು ಬೇಕು. ಪಕ್ಕದ ಮನೆಯವರ ಟಗರು ಏಪ್ರಿಲ್, ಮೇ ಪೂರ್ತಿ ತಗಡಿನ ಶೀಟಿನ ಕೆಳಗೇ ಇತ್ತು.

ಹೀಗಿರುವಾಗ ಖನಿಜದ ಮಾತು ಯಾಕೆ? ಏಕೆಂದರೆ ವೀರ್ಯಾಣುವಿಗೆ ಸೆಕೆಯಿಂದ ಆಗುವ ಪೆಟ್ಟಿಗೂ ಖನಿಜಕ್ಕೂ ನಂಟಿದೆ. ವೀರ್ಯಾಣುವಿನ ಹೊರಪೊರೆ ತುಂಬಾ ತೆಳು, ಬೇಗ ಕೆಡುವ ಜಾತಿಯ ಕೊಬ್ಬಿನಿಂದ ಆದದ್ದು. ಹಪ್ಪಳ ಕರಿದ ಎಣ್ಣೆ ನಾಲ್ಕು ದಿನಕ್ಕೆ ಕಮಟು ಹಿಡಿಯುತ್ತದಲ್ವಾ, ಅದೇ ರೀತಿ ಈ ಪೊರೆಯೂ ಆಮ್ಲಜನಕದ ಕಿಡಿಗೇಡಿ ರೂಪಗಳಿಗೆ ಸಿಕ್ಕಿ ಕಮಟಾಗುತ್ತದೆ. ಸೆಕೆ ಜಾಸ್ತಿಯಾದರೆ ಈ ಕಿಡಿಗೇಡಿಗಳೂ ಜಾಸ್ತಿ. ಅವನ್ನು ತಣ್ಣಗಾಗಿಸುವ ಕಿಣ್ವಗಳು ನಡೆಯುವುದು ಸತು, ತಾಮ್ರ, ಸೆಲೆನಿಯಂಗಳ ಬಲದಿಂದ. ಒಂದು ಕಿಣ್ವಕ್ಕೆ ತಾಮ್ರ ಮತ್ತು ಸತು ಎರಡೂ ಬೇಕು. ಇನ್ನೊಂದಕ್ಕೆ ಸೆಲೆನಿಯಂ ಇಲ್ಲದೆ ಆಗದು. ವೀರ್ಯಾಣು ಮೈಯೆಲ್ಲ ಸವೆಸಿ ಬರೀ ತಲೆ ಬಾಲ ಉಳಿಸಿಕೊಂಡ ಜೀವಕೋಶ. ಇವನ್ನೆಲ್ಲ ಆಮೇಲೆ ಹೊಸದಾಗಿ ತಯಾರಿಸಿಕೊಳ್ಳಲು ಅದರ ಹತ್ತಿರ ಜಾಗವಿಲ್ಲ. ತಯಾರಾಗುವಾಗ ಸಿಕ್ಕಿದ್ದಷ್ಟೇ ಅದರ ಬುತ್ತಿ.

ಸತು: ಮೈ ತುಂಬಿದರೂ ಬೀಜ ಸೊರಗಬಹುದು

ಖನಿಜಗಳಲ್ಲಿ ಟಗರಿನ ಮಟ್ಟಿಗೆ ನಾನು ಮೊದಲ ಮಣೆ ಹಾಕುವುದು ಸತುವಿಗೆ, ಅಂದರೆ ಜಿಂಕ್‌ಗೆ. ಅದಕ್ಕೊಂದು ಹಳೆಯ, ತುಂಬಾ ಚೊಕ್ಕ ಪ್ರಯೋಗವೇ ಕಾರಣ.

1969ರಲ್ಲಿ ಆಸ್ಟ್ರೇಲಿಯಾದ ಅಂಡರ್‌ವುಡ್ ಮತ್ತು ಸೋಮರ್ಸ್ ಎಂಬ ವಿಜ್ಞಾನಿಗಳು ಗಂಡು ಮರಿಗಳಿಗೆ ಬೇರೆ ಬೇರೆ ಪ್ರಮಾಣದ ಸತು ಇರುವ ಆಹಾರ ಕೊಟ್ಟು ನೋಡಿದ ವರದಿ ಬಂತು. ಒಂದು ಗುಂಪಿಗೆ ಕಿಲೋ ಆಹಾರಕ್ಕೆ ಬರೀ 2.4 ಮಿಲಿಗ್ರಾಂ ಸತು. ಅವು ಬಡವಾದವು, ವೀರ್ಯ ತಯಾರಿ ಹೆಚ್ಚುಕಡಿಮೆ ನಿಂತೇ ಹೋಯಿತು. ಇದರಲ್ಲಿ ಆಶ್ಚರ್ಯ ಏನಿಲ್ಲ. ಆಶ್ಚರ್ಯ ಇರುವುದು ನಡುವಿನ ಗುಂಪಿನಲ್ಲಿ. ಕಿಲೋಗೆ ಸುಮಾರು 17 ಮಿಲಿಗ್ರಾಂ ಸಿಕ್ಕಿದ ಮರಿಗಳು ಮೈಯಲ್ಲಿ ಚೆನ್ನಾಗಿಯೇ ಬೆಳೆದವು. ನೋಡಿದವರು ಏನೂ ಕೊರತೆ ಇಲ್ಲ ಅನ್ನಬೇಕು, ಹಾಗಿದ್ದವು. ಬೀಜ ಮಾತ್ರ ಸರಿಯಾಗಿ ಬೆಳೆಯಲಿಲ್ಲ, ವೀರ್ಯ ತಯಾರಿ ಪೂರ್ತಿಯಾಗಲಿಲ್ಲ. ಅದಕ್ಕೆ ಕಿಲೋಗೆ 32 ಮಿಲಿಗ್ರಾಂ ಬೇಕಾಯಿತು.

ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ನಾವು ಟಗರು ಕೊಳ್ಳುವಾಗ ಬೆನ್ನು ತಟ್ಟುತ್ತೇವೆ, ತೊಡೆ ಹಿಡಿದು ನೋಡುತ್ತೇವೆ, ತೂಕ ಕೇಳುತ್ತೇವೆ. ಮಾಂಸಕ್ಕೆ ಈ ಲೆಕ್ಕ ಸಾಕು. ಬಿತ್ತನೆಗೆ ಸಾಲದು. ಸತು ಕಡಿಮೆಯಾದಾಗ ಮೈ ಹೇಗೋ ಸುಧಾರಿಸಿಕೊಳ್ಳುತ್ತದೆ, ಪೆಟ್ಟು ಮೊದಲು ಬೀಳುವುದು ಬೀಜಕ್ಕೆ. ಜೀವಕೋಶ ಎಲ್ಲಿ ಬೇಗ ಬೇಗ ಒಡೆದು ಹೆಚ್ಚುತ್ತದೋ ಅಲ್ಲಿ ಸತು ಜಾಸ್ತಿ ಬೇಕು. ಒಂದು ಮಿಲಿಲೀಟರ್ ವೀರ್ಯದಲ್ಲಿ ಎರಡು ಮೂರು ನೂರು ಕೋಟಿ ವೀರ್ಯಾಣು ತುಂಬಿಸುವ ಕಾರ್ಖಾನೆ ಅದು, ಸುಮ್ನೆ ಅಲ್ಲ. ಗಂಡು ಹಾರ್ಮೋನು ತಯಾರಾಗಲು ಸತು ಬೇಕು. ವೀರ್ಯಾಣುವಿನ ತಲೆಯೊಳಗೆ ವಂಶದ ನೂಲನ್ನು ಬಿಗಿಯಾಗಿ ಸುತ್ತಿಡಲು ಬೇಕು. ಬಾಲ ಗಟ್ಟಿಯಾಗಲೂ ಬೇಕು.

ಹಾಗಾದರೆ ಒಂದು ಟಗರಿಗೆ ದಿನಕ್ಕೆ ಎಷ್ಟು? ನಲವತ್ತು ಕಿಲೋ ತೂಗುವ ಟಗರು ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 1.2 ಕಿಲೋ ಆಹಾರ ತಿನ್ನುತ್ತದೆ ಅಂದುಕೊಳ್ಳಿ. ಕಿಲೋಗೆ 33 ಮಿಲಿಗ್ರಾಂನಂತೆ 40 ಮಿಲಿಗ್ರಾಂ ಆಯಿತು. ಎರಡು ಅಕ್ಕಿ ಕಾಳಿನ ತೂಕ! ತಾಮ್ರ ಬೇಕಾದದ್ದು ಸುಮಾರು 12 ಮಿಲಿಗ್ರಾಂ, ಅರ್ಧ ಅಕ್ಕಿ ಕಾಳು. ಸೆಲೆನಿಯಂ ಕಾಲು ಮಿಲಿಗ್ರಾಂ ಆಸುಪಾಸು. ಒಂದು ಸಾಸಿವೆ ಕಾಳನ್ನು ಹತ್ತು ಪಾಲು ಮಾಡಿದರೆ ಒಂದು ಪಾಲು. ಇದನ್ನು ಯಾರೂ ಚಮಚದಲ್ಲಿ ಅಳೆದು ಕೊಡಲು ಸಾಧ್ಯವಿಲ್ಲ. ಬರೀ ಜಿಂಕ್ ಸಲ್ಫೇಟ್ ತಂದು ಚಿಟಿಕೆ ಲೆಕ್ಕದಲ್ಲಿ ಹಾಕುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುವುದು ಇದಕ್ಕೇ. ಕಾರ್ಖಾನೆಯಲ್ಲಿ ಚೆನ್ನಾಗಿ ಬೆರೆಸಿದ ಲವಣ ಮಿಶ್ರಣವೇ ಸರಿ. ಆಗ ದಿನಕ್ಕೆ 5ರಿಂದ 10 ಗ್ರಾಂ ಅಂತ ಕಣ್ಣಿಗೆ ಕಾಣುವ ಅಳತೆ ಸಿಗುತ್ತದೆ.

ನಮ್ಮ ಮೇವಿನಲ್ಲಿ ಸತು ಎಷ್ಟಿದೆ ಅನ್ನುವುದು ಏನು ತಿನ್ನಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ತೌಡು, ಹಿಂಡಿಯಲ್ಲಿ ಪರವಾಗಿಲ್ಲ. ಬೈಹುಲ್ಲಿನಲ್ಲಿ ಕಡಿಮೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಅಥವಾ ಇನ್ನೂ ಜಾಸ್ತಿ ಮಳೆ ಸುರಿಯುತ್ತದೆ. ಇಷ್ಟು ಮಳೆ ಸಾವಿರಾರು ವರ್ಷ ತೊಳೆದು ಉಳಿದದ್ದು ನಮ್ಮ ಮುರಕಲ್ಲಿನ ಹುಳಿ ಮಣ್ಣು. ಕಬ್ಬಿಣ ಮಾತ್ರ ಧಾರಾಳ, ಬಾವಿ ನೀರಿಗೂ ಕೆಲವು ಕಡೆ ಕೆಂಪು ಬಣ್ಣ. ಹೀಗಾಗಿ ಮಳೆಗಾಲ ಕಳೆದು ಬೈಹುಲ್ಲು, ಗುಡ್ಡೆಯ ಒಣ ಮುಳಿಹುಲ್ಲಿನ ಮೇಲೇ ಬದುಕುವ ಟಗರಿಗೆ ಸತು ಸಾಲದೆ ಹೋಗುವ ಸಂಭವ ಹೆಚ್ಚು. ಸರಿಯಾಗಿ ಹಿಂಡಿ, ಹಸಿರೆಲೆ ತಿನ್ನುವುದಕ್ಕೆ ಅಷ್ಟಿಲ್ಲ.

ಸತುವಿನ ಇನ್ನೊಂದು ಉಪಕಾರ ಕಾಲಿನಲ್ಲಿ ಕಾಣುತ್ತದೆ. ಗೊರಸು ಗಟ್ಟಿಯಾಗಿರಲು ಸತು ಬೇಕು. ಮಳೆಗಾಲದಲ್ಲಿ ಗೊರಸು ಕೊಳೆತು ಕುಂಟುವ ಟಗರು ಹಿಂಗಾಲ ಮೇಲೆ ಭಾರ ಹಾಕಿ ಹಾಯುವುದಾದರೂ ಹೇಗೆ? ವೀರ್ಯ ಎಷ್ಟು ಚೆನ್ನಾಗಿದ್ದರೂ ಕುರಿಯ ಹತ್ತಿರ ಹೋಗದಿದ್ದರೆ ಏನು ಉಪಯೋಗ. ಕೊಳೆತ ಗೊರಸಿಗೆ ಶೇಕಡ 10ರ ಜಿಂಕ್ ಸಲ್ಫೇಟ್ ನೀರಿನಲ್ಲಿ ಕಾಲು ನಿಲ್ಲಿಸುವ ಪದ್ಧತಿ ಇದೆ. ಕೆಲವರು ಇದಕ್ಕೆ ಮೈಲುತುತ್ತಿನ, ಅಂದರೆ ಕಾಪರ್ ಸಲ್ಫೇಟಿನ, ನೀರು ಬಳಸುತ್ತಾರೆ. ಅದು ಬೇಡ. ಕುರಿ ಬಾಯಾರಿ ಅದೇ ನೀರು ಕುಡಿದರೆ ತಾಮ್ರ ವಿಷವಾದೀತು.

ಸೆಲೆನಿಯಂನದ್ದು ಸಣ್ಣ ಮಾತಲ್ಲಿ ಮುಗಿಸುತ್ತೇನೆ. ವೀರ್ಯಾಣುವಿನ ಬಾಲದ ಬುಡದಲ್ಲಿ ಶಕ್ತಿ ತಯಾರಿಸುವ ಭಾಗವೊಂದಿದೆ. ಅದರ ಕವಚಕ್ಕೆ ಸೆಲೆನಿಯಂ ಇರುವ ಒಂದು ಪ್ರೋಟೀನೇ ಇಟ್ಟಿಗೆ. ಚಿಕ್ಕ ವಯಸ್ಸಿನ ವೀರ್ಯಾಣುವಿನಲ್ಲಿ ಕಾವಲು ಕೆಲಸ ಮಾಡುವ ಕಿಣ್ವವೇ, ವೀರ್ಯಾಣು ಹಣ್ಣಾದಾಗ ಗಟ್ಟಿಯಾಗಿ ಗೋಡೆಯಾಗಿಬಿಡುತ್ತದೆ ಎಂದು 1999ರಲ್ಲಿ ಗೊತ್ತಾಯಿತು. ಸೆಲೆನಿಯಂ ಇಲ್ಲದಿದ್ದರೆ ಬಾಲ ಅಲ್ಲೇ ಮುರಿಯುತ್ತದೆ, ವೀರ್ಯಾಣು ನೇರವಾಗಿ ಈಜುವುದಿಲ್ಲ. ಕಬ್ಬಿಣ ಜಾಸ್ತಿ ಇರುವ ಹುಳಿ ಮಣ್ಣು ಸೆಲೆನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹುಲ್ಲಿಗೆ ಬಿಡುವುದಿಲ್ಲ. ಹಾಗಂತ ಸೆಲೆನಿಯಂ ಚುಚ್ಚುಮದ್ದನ್ನು ಸ್ವಂತ ಬುದ್ಧಿಯಲ್ಲಿ ಕೊಡಿಸಬೇಡಿ. ಬೇಕಾದದ್ದಕ್ಕೂ ವಿಷವಾಗುವುದಕ್ಕೂ ನಡುವೆ ಅಂತರ ಬಹಳ ಕಡಿಮೆ.

ಅಯೋಡಿನ್ ಬಗ್ಗೆಯೂ ಒಂದು ಮಾತು. ಮರಗೆಣಸಿನ ಸೊಪ್ಪು, ಸುಬಾಬುಲ್ ಸೊಪ್ಪನ್ನು ದಿನಾ ಬುಟ್ಟಿಗಟ್ಟಲೆ ಹಾಕುವವರು ಇದ್ದಾರೆ. ಇವೆರಡೂ ಅಯೋಡಿನ್‌ನಿಂದ ನಡೆಯುವ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡ ಬರುತ್ತವೆ. ಹಲಸಿನ ಸೊಪ್ಪು, ಹುಲ್ಲಿನ ಜೊತೆ ಬೆರೆಸಿ ಮಿತವಾಗಿ ಹಾಕಿದರೆ ಸಾಕು. ಕೋಬಾಲ್ಟ್, ಮ್ಯಾಂಗನೀಸ್ ಮಿಶ್ರಣದಲ್ಲೇ ಇರುತ್ತವೆ, ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ತಾಮ್ರ: ನಮ್ಮ ತೋಟದ ಕಥೆ

ಈಗ ನಾನು ಹೇಳಲೇಬೇಕಾದ ವಿಷಯ. ಪಕ್ಕದ ಮನೆಯವರಿಗೆ ಕೇಳಿದ ಎರಡನೇ ಪ್ರಶ್ನೆ, "ಹುಲ್ಲು ಎಲ್ಲಿಂದ ತರುತ್ತೀರಿ?"

"ತೋಟದಿಂದಲೇ. ಮಳೆಗಾಲದಲ್ಲಿ ಅಡಿಕೆ ಬುಡದಲ್ಲಿ ಬೇಕಾದಷ್ಟು ಹುಲ್ಲು ಅಲ್ವಾ?"

"ಮದ್ದು ಬಿಟ್ಟಾಯಿತಾ?"

"ಎರಡು ಸಲ ಆಯಿತು."

ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದು ನಮ್ಮ ಊರಿನಲ್ಲಿ ಯಾರಿಗೂ ಹೊಸತಲ್ಲ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆ ರೋಗವನ್ನು ಅಭ್ಯಾಸ ಮಾಡಿ ಈ ಮದ್ದನ್ನು ಅಡಿಕೆಗೆ ಹೇಳಿಕೊಟ್ಟರು. ಅಂದಿನಿಂದ ಅದೇ ನಡೆದುಕೊಂಡು ಬಂದಿದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಶುರುವಾಗುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಮಳೆ ಎಳೆದರೆ ಮೂರನೆಯದು.

ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. ನೂರು ಲೀಟರಿನಲ್ಲಿ 250 ಗ್ರಾಂ ಆಯಿತು. ಒಂದು ಲೀಟರಿನಲ್ಲಿ 2,500 ಮಿಲಿಗ್ರಾಂ. ಟಗರಿಗೆ ದಿನಕ್ಕೆ ಬೇಕಾದದ್ದು 12 ಮಿಲಿಗ್ರಾಂ ಅಂದೆವಲ್ಲ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಹುಲ್ಲಿನ ಮೇಲೆ ಬೀಳುವ ಒಂದು ಲೀಟರ್ ಮದ್ದಿನಲ್ಲಿ ಒಂದು ಟಗರಿಗೆ ಇನ್ನೂರು ದಿನಕ್ಕೆ ಸಾಕಾಗುವಷ್ಟು ತಾಮ್ರ ಇರುತ್ತದೆ!

ದನಕ್ಕೆ ಇದು ಅಷ್ಟು ಬಾಧಿಸುವುದಿಲ್ಲ. ಆಡು ಕೂಡ ಕುರಿಗಿಂತ ಜಾಸ್ತಿ ತಾಮ್ರ ತಡೆಯುತ್ತದೆ. ಕುರಿಯದ್ದು ಬೇರೆಯೇ ಜಾತಕ. ಅದರ ಯಕೃತ್ತು ತಾಮ್ರವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿ, ಹೊರಗೆ ಹಾಕುವುದರಲ್ಲಿ ಸೋಮಾರಿ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಬಂದರೂ ವಾರಗಟ್ಟಲೆ, ತಿಂಗಳುಗಟ್ಟಲೆ ಒಳಗೆ ಸೇರಿಸುತ್ತಾ ಹೋಗುತ್ತದೆ. ಅಷ್ಟು ದಿನವೂ ಕುರಿ ಆರಾಮಾಗಿರುತ್ತದೆ. ಒಂದು ದಿನ ಲಾರಿಯಲ್ಲಿ ಸಾಗಿಸಿದ್ದಕ್ಕೋ, ಜಡಿಮಳೆಯಲ್ಲಿ ನೆನೆದದ್ದಕ್ಕೋ, ಎರಡು ಹೊತ್ತು ಮೇವು ತಪ್ಪಿದ್ದಕ್ಕೋ ಯಕೃತ್ತು ಕೂಡಿಟ್ಟದ್ದನ್ನೆಲ್ಲ ರಕ್ತಕ್ಕೆ ಬಿಟ್ಟುಬಿಡುತ್ತದೆ. ಕೆಂಪು ರಕ್ತಕಣ ಒಡೆಯುತ್ತದೆ. ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಒಂದೆರಡು ದಿನದಲ್ಲಿ ಕುರಿ ಹೋಗಿಬಿಡುತ್ತದೆ. ಹಾವು ಕಚ್ಚಿತು, ಯಾರೋ ವಿಷ ಹಾಕಿದರು ಅಂತ ಜನ ಮಾತಾಡಿಕೊಳ್ಳುತ್ತಾರೆ. ಪಶುವೈದ್ಯರಲ್ಲಿ ಮಾಲಿಬ್ಡಿನಂ ಸೇರಿದ ಮದ್ದು ಇದೆ, ಆದರೆ ಮೂತ್ರ ಕಪ್ಪಾದ ಮೇಲೆ ಉಳಿಸುವುದು ಕಷ್ಟ.

ತಾಮ್ರ ಬೇಡವೇ ಬೇಡ ಅಂತಲೂ ಅಲ್ಲ. ಕಮ್ಮಿಯಾದರೆ ಉಣ್ಣೆಯ ಬಣ್ಣ, ಸುರುಳಿ ಹೋಗುತ್ತದೆ, ಮರಿಗಳು ಹಿಂಗಾಲು ತೂಗಾಡುತ್ತಾ ಹುಟ್ಟುತ್ತವೆ, ಟಗರಿನ ವೀರ್ಯಾಣುವಿಗೆ ಓಡುವ ಶಕ್ತಿ ಸಿಗುವುದಿಲ್ಲ. ನಮ್ಮ ಮಣ್ಣಿನ ಕಬ್ಬಿಣ ತಾಮ್ರವನ್ನು ಹೊಟ್ಟೆಯಲ್ಲಿ ಹೀರದಂತೆ ತಡೆಯುತ್ತದೆ. ಗಂಧಕ ಮತ್ತು ಮಾಲಿಬ್ಡಿನಂ ಸೇರಿದರೆ ಇನ್ನೂ ಬಿಗಿಯಾಗಿ ತಡೆಯುತ್ತವೆ. ಹೀಗಾಗಿ ಗುಡ್ಡೆಯಲ್ಲಿ ಮೇಯುವ ಕುರಿಗೆ ತಾಮ್ರದ ಕೊರತೆ ಇರಬಹುದು. ಅದೇ ಊರಿನ ಬೈಲಿನಲ್ಲಿ, ಅಡಿಕೆ ತೋಟದ ಹುಲ್ಲು ತಿನ್ನುವ ಕುರಿಗೆ ತಾಮ್ರ ವಿಷವಾಗಬಹುದು. ನಡುವೆ ಇರುವುದು ಒಂದು ತೋಡು ಮಾತ್ರ. ಊರಿಗೆಲ್ಲ ಒಂದೇ ಪುಡಿ ಅನ್ನುವ ಮಾತು ನಮ್ಮಲ್ಲಿ ಯಾಕೆ ನಡೆಯುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ?

ಇನ್ನು ಅಂಗಡಿಯವರ ಮಾತಿಗೆ ಪಕ್ಕದ ಮನೆಯವರು ಆಗಲೇ ಕೊಡುತ್ತಿದ್ದ ಮಿನರಲ್. ಪ್ಯಾಕೆಟ್ಟಿನ ಮೇಲೆ ಹಸುವಿನ ಚಿತ್ರ! ಹಾಲು ಕೊಡುವ ಹಸುವಿಗೆ ಅಂತ ಮಾಡಿದ್ದು. ನನಗೂ ಮೊದಲ ವರ್ಷ ಪೇಟೆಯ ಅಂಗಡಿಯಲ್ಲಿ ಅದನ್ನೇ ಕೊಟ್ಟಿದ್ದರು. "ಎಲ್ಲ ಪ್ರಾಣಿಗೂ ಆಗ್ತದೆ ಸಾರ್" ಅಂದಿದ್ದರು. ನಾನೂ ನಂಬಿ ಮೂರು ತಿಂಗಳು ಹಾಕಿದ್ದೆ. ಪುಣ್ಯಕ್ಕೆ ನಮ್ಮದು ತೋಟದ ಹುಲ್ಲಲ್ಲ. ಲೆಕ್ಕ ಹೀಗೆ. ಪ್ಯಾಕೆಟ್ಟಿನಲ್ಲಿ ತಾಮ್ರ ಶೇಕಡ 0.1 ಎಂದಿದ್ದರೆ 10 ಗ್ರಾಂ ಪುಡಿಯಲ್ಲಿ 10 ಮಿಲಿಗ್ರಾಂ ತಾಮ್ರ. ಮೇವಿನಲ್ಲೇ ಹತ್ತು ಮಿಲಿಗ್ರಾಂ ಬರುತ್ತಿದ್ದರೆ ಒಟ್ಟು 20 ಆಯಿತು. 1.2 ಕಿಲೋ ಆಹಾರಕ್ಕೆ ಹಂಚಿದರೆ ಕಿಲೋಗೆ 16, 17 ಮಿಲಿಗ್ರಾಂ. ಮಾಲಿಬ್ಡಿನಂ ಕಡಿಮೆ ಇರುವ ಮೇವಿನಲ್ಲಿ ಕಿಲೋಗೆ 15 ದಾಟಿದರೆ ಕುರಿಗೆ ನಿಧಾನ ವಿಷದ ಭಯ ಶುರು. ಅದರ ಮೇಲೆ ಮದ್ದು ಬಿಟ್ಟ ತೋಟದ ಹುಲ್ಲು. ಕೋಳಿ, ಹಂದಿಯ ಆಹಾರದಲ್ಲಿ ಇನ್ನೂ ಜಾಸ್ತಿ ತಾಮ್ರ ಇರಬಹುದು. ಮಿಕ್ಕಿದೆ ಅಂತ ಕುರಿಗೆ ಸುರಿಯಬೇಡಿ.

ಪುಡಿಗಿಂತ ಮೊದಲು

ಕೊನೆಗೆ ತಾಲೂಕು ಪಶು ಆಸ್ಪತ್ರೆಯ ಡಾಕ್ಟರನ್ನು ಕರೆಸಿದೆವು. ಅವರು ಪುಡಿಯ ಸುದ್ದಿಯನ್ನೇ ಎತ್ತಲಿಲ್ಲ. ಟಗರನ್ನು ನಿಲ್ಲಿಸಿ, ಬೀಜ ಎರಡನ್ನೂ ಕೈಯಲ್ಲಿ ಹಿಡಿದು ಒತ್ತಿ ನೋಡಿದರು. ಒಳ್ಳೆಯ ಬೀಜ ಗಟ್ಟಿಯಾಗಿ, ಎರಡೂ ಸಮವಾಗಿ, ಚೀಲದೊಳಗೆ ಸಲೀಸಾಗಿ ಜಾರಬೇಕು. ಇದರದ್ದು ಮೆತ್ತಗಿತ್ತು. ಟೇಪಿನಲ್ಲಿ ಚೀಲದ ಸುತ್ತಳತೆ ತೆಗೆದರು. ಸುರುಳಿ ನಾಳದಲ್ಲಿ ಗಂಟು ಇದೆಯಾ ಅಂತ ಬೆರಳಲ್ಲಿ ಹುಡುಕಿದರು. ಗಂಟು ಇದ್ದರೆ ಬ್ರೂಸೆಲ್ಲಾ ಸೋಂಕಿನ ಸಂಶಯ. ಅದರಲ್ಲಿ ಕೆಲವು ಜಾತಿ ಮನುಷ್ಯರಿಗೂ ಹರಡಿ ಜ್ವರ ತರುತ್ತವೆ. ಈ ಸೋಂಕು ಯಾವ ಮಿನರಲ್ಲಿನಿಂದಲೂ ವಾಸಿಯಾಗದು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಕೆಳಗಿನ ಕಣ್ರೆಪ್ಪೆ ಎಳೆದು ಬಣ್ಣ ನೋಡಿದರು. ಬಿಳಿಚಿದ್ದರೆ ಹೊಟ್ಟೆ ಹುಳ ರಕ್ತ ಹೀರುತ್ತಿದೆ ಎಂದರ್ಥ. ಆಮೇಲೆ ವೀರ್ಯ ತೆಗೆದು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಒಳ್ಳೆಯ ವೀರ್ಯ ಅಲೆ ಅಲೆಯಾಗಿ ಕುದಿಯುವ ಹಾಗೆ ಕಾಣಬೇಕಂತೆ. ಇಲ್ಲಿ ಅಲ್ಲೊಂದು ಇಲ್ಲೊಂದು ತಿರುಗುತ್ತಿತ್ತು. ಬಾಲ ಮಡಚಿದ್ದು ಬಹಳ.

ಒಂದು ಟಗರಿಗೆ 20ರಿಂದ 25 ಕುರಿ ಸಾಕು. ಅವರಲ್ಲಿ ಇದ್ದದ್ದು ಇಪ್ಪತ್ತೆರಡು, ಲೆಕ್ಕ ಸರಿಯೇ ಇತ್ತು. ಬ್ರೂಸೆಲ್ಲಾ ಇರಲಿಲ್ಲ.

ರಕ್ತದಲ್ಲಿ ಸತು ನೋಡಬಹುದಲ್ಲ ಅಂತ ನಾನು ಕೇಳಿದೆ. ನೋಡಬಹುದು, ಆದರೆ ಜ್ವರ, ಸೋಂಕು, ಹೆದರಿಕೆ ಇದ್ದರೂ ರಕ್ತದ ಸತು ಇಳಿಯುತ್ತದೆ, ಅದನ್ನೇ ನಂಬಬಾರದು ಅಂದರು. ತಾಮ್ರವಂತೂ ಇರುವುದು ಯಕೃತ್ತಿನಲ್ಲಿ. ವಿಷ ಏರುವವರೆಗೆ ರಕ್ತದಲ್ಲಿ ಎಲ್ಲ ಸರಿ ಇದೆ ಅಂತಲೇ ಕಾಣುತ್ತದೆ. ಇದಕ್ಕಿಂತ ಮೇವಿನ ಪರೀಕ್ಷೆ ಹೆಚ್ಚು ಉಪಯೋಗದ್ದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮಣ್ಣು, ಮೇವು ನೋಡಿ ಅಲ್ಲಿಗೆ ತಕ್ಕ ಲವಣ ಮಿಶ್ರಣದ ಸೂತ್ರ ಮಾಡುವ ಕೆಲಸವನ್ನು ಬಹಳ ವರ್ಷದಿಂದ ಮಾಡುತ್ತಿದೆ. ಉಸ್ಮಾನಾಬಾದಿ ಹೋತಗಳಿಗೆ ಸಾವಯವ ರೂಪದ ಸತು, ತಾಮ್ರ ಕೊಟ್ಟು ವೀರ್ಯದ ಮೇಲೆ ಆಗುವ ಪರಿಣಾಮವನ್ನೂ ಅಲ್ಲಿನವರು ಅಭ್ಯಾಸ ಮಾಡಿದ್ದಾರೆ. ಅವು ಹೋತ, ನಮ್ಮದು ಟಗರು ಅನ್ನುವುದು ಮರೆಯಬಾರದು, ತಾಮ್ರದ ವಿಷಯದಲ್ಲಂತೂ ಖಂಡಿತ.

ಈ ಸಾವಯವ ರೂಪ ಅಂದರೇನು ಅಂತ ತುಂಬಾ ಜನ ಕೇಳುತ್ತಾರೆ. ಸೆಗಣಿ ಗೊಬ್ಬರದ ಸಾವಯವ ಅಲ್ಲ. ಸತುವನ್ನು ಅಮೈನೋ ಆಮ್ಲದ ಜೊತೆ ಕಟ್ಟಿ ಕೊಡುವುದು. ಪ್ಯಾಕೆಟ್ಟಿನಲ್ಲಿ ಚೆಲೇಟೆಡ್ ಅಂತ ಬರೆದಿರುತ್ತದೆ. ಹೊಟ್ಟೆಯಲ್ಲಿ ಕಬ್ಬಿಣ ಮುಂತಾದವುಗಳ ಜಗಳಕ್ಕೆ ಸಿಗದೆ ರಕ್ತಕ್ಕೆ ಸೇರಲಿ ಎಂಬ ಲೆಕ್ಕ. ಬೆಲೆ ಜಾಸ್ತಿ. ಕೆಲವು ಪ್ರಯೋಗಗಳಲ್ಲಿ ಸಾದಾ ಜಿಂಕ್ ಸಲ್ಫೇಟಿಗಿಂತ ಚೆನ್ನಾಗಿ ಕೆಲಸ ಮಾಡಿದೆ, ಕೆಲವದರಲ್ಲಿ ವ್ಯತ್ಯಾಸ ಕಂಡಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹತ್ತಿಪ್ಪತ್ತು ಕುರಿ ಸಾಕುವವರು ಆ ದುಡ್ಡಿನಲ್ಲಿ ಮೊದಲು ಹಟ್ಟಿಯ ಮಾಡಿಗೆ ತೆಂಗಿನ ಮಡಲು ಹೊದಿಸಲಿ. ಮೇವಿನಲ್ಲಿ ಕೊರತೆ ಇದ್ದಾಗ ಖನಿಜ ಕೊಟ್ಟರೆ ಫಲ ಎದ್ದು ಕಾಣುತ್ತದೆ. ಸಾಕಷ್ಟು ಸಿಗುತ್ತಿರುವ ಟಗರಿಗೆ ಮತ್ತೆ ಸುರಿದರೆ ಹಿಕ್ಕೆಯಲ್ಲಿ ಹೋಗುತ್ತದೆ, ಅಷ್ಟೇ.

ಇನ್ನೊಂದು ಎಚ್ಚರಿಕೆ ತೌಡಿನದ್ದು. ಬಿತ್ತನೆ ಟಗರು ದಷ್ಟಪುಷ್ಟ ಇರಲಿ ಅಂತ ತೌಡು, ಅಕ್ಕಚ್ಚು ಸುರಿಯುತ್ತಾರೆ. ತೌಡಿನಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ. ಇದರಿಂದ ಮೂತ್ರದಲ್ಲಿ ಕಲ್ಲಾಗುತ್ತದೆ. ಟಗರಿನ ಮೂತ್ರನಾಳ ಉದ್ದ, ತುದಿ ನೂಲಿನಷ್ಟು ಸಣ್ಣ. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಬಿತ್ತನೆಯೂ ಇಲ್ಲ, ಟಗರೂ ಇಲ್ಲ. ಆಹಾರದಲ್ಲಿ ಸುಣ್ಣದಂಶ ರಂಜಕದ ಎರಡರಷ್ಟು ಇರಲಿ, ಕುಡಿಯಲು ನೀರು ಸದಾ ಇರಲಿ. ಮಿಶ್ರಣ ಕೊಳ್ಳುವಾಗಲೂ ಈ ಎರಡು ಅಂಕಿ ನೋಡಿ.

ಪಕ್ಕದ ಮನೆಯವರು ಹಸುವಿನ ಪುಡಿ ನಿಲ್ಲಿಸಿದರು. ಡಾಕ್ಟರು ಬರೆದುಕೊಟ್ಟ, ತಾಮ್ರ ಹಾಕದ ಕುರಿ ಮಿಶ್ರಣವನ್ನು ಹಿಂಡಿಯಲ್ಲಿ ಕಲಸಿ ಕೊಟ್ಟರು. ಟಗರಿನ ಕಟ್ಟೆಯನ್ನು ಹಲಸಿನ ಮರದ ಕೆಳಗೆ ಬದಲಿಸಿದರು. ಹುಳದ ಮದ್ದು ಹಾಕಿಸಿದರು. ಸೆಪ್ಟೆಂಬರ್ ಕೊನೆಗೆ ಡಾಕ್ಟರು ಮತ್ತೆ ನೋಡಿದಾಗ ವೀರ್ಯದಲ್ಲಿ ಅಲೆ ಬಂದಿತ್ತು. ಸತು ಮಾಡಿದ ಕೆಲಸವೋ, ಮಳೆಯ ತಂಪಿನದ್ದೋ, ಹುಳ ಹೋದದ್ದಕ್ಕೋ, ಎಲ್ಲ ಒಟ್ಟಿಗೆ ಮಾಡಿದ್ದರಿಂದ ಬಿಡಿಸಿ ಹೇಳುವ ಹಾಗಿಲ್ಲ. ವಿಜ್ಞಾನದ ಮಾಷ್ಟ್ರಾಗಿ ನನಗೆ ಸ್ವಲ್ಪ ಬೇಸರವಾಯಿತು. ಅವರಿಗೆ ಏನೂ ಬೇಸರ ಇರಲಿಲ್ಲ.

ಅವರ ಕೊನೆಯ ಪ್ರಶ್ನೆ ತೋಟದ ಹುಲ್ಲಿನದ್ದು. "ಮದ್ದು ಬಿಟ್ಟು ಎಷ್ಟು ದಿನಕ್ಕೆ ಹುಲ್ಲು ಕೊಯ್ಯಬಹುದು ಮಾಷ್ಟ್ರೆ? ಹದಿನೈದು ದಿನ ಸಾಕಾ?"

ಬೇರೆ ಎಷ್ಟೋ ಮದ್ದುಗಳ ಹಾಗೆ ತಾಮ್ರ ದಿನ ಕಳೆದಂತೆ ಒಡೆದು ಹಾಳಾಗುವುದಿಲ್ಲ. ಅದು ಲೋಹ. ಮಳೆ ಅದನ್ನು ಎಲೆಯಿಂದ ತೊಳೆದು ಮಣ್ಣಿಗೆ ಸೇರಿಸುತ್ತದೆ. ಅಜ್ಜನ ಕಾಲದಿಂದ ಮದ್ದು ಬಿಟ್ಟ ತೋಟದ ಮೇಲ್ಮಣ್ಣಿನಲ್ಲಿ ಅಜ್ಜನ ಕಾಲದ ತಾಮ್ರವೂ ಇದೆ. ಕುರಿ ಹುಲ್ಲನ್ನು ಬುಡದವರೆಗೂ ಕಚ್ಚಿ ಮೇಯುವ ಪ್ರಾಣಿ, ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಮದ್ದು ಬಿದ್ದ ಹುಲ್ಲನ್ನು ಒಮ್ಮೆ ಪೂರ್ತಿ ಸವರಿ ತೆಗೆದು, ಹೊಸದಾಗಿ ಚಿಗುರಿದ್ದನ್ನು ಬುಡ ಬಿಟ್ಟು ಎತ್ತರದಲ್ಲಿ ಕೊಯ್ದರೆ ತಾಮ್ರ ಕಡಿಮೆ. ಕುರಿಯನ್ನು ತೋಟದೊಳಗೆ ಮೇಯಲು ಬಿಡುವುದಂತೂ ಬೇಡ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ತೋಟದ ಹುಲ್ಲು ದನಕ್ಕೆ, ಗುಡ್ಡೆಯದ್ದು ಕುರಿಗೆ," ಅಂದರು. ಮಾರನೇ ದಿನ ಹಟ್ಟಿಯ ಬಾಗಿಲಲ್ಲಿ ಎರಡು ಬೇರೆ ಬೇರೆ ಬುಟ್ಟಿ ಇತ್ತು. ಒಂದರ ಕಿವಿಗೆ ಕೆಂಪು ಬಟ್ಟೆ ಕಟ್ಟಿದ್ದರು.

"ಕೆಂಪು ಯಾವುದಕ್ಕೆ?" ಅಂತ ಕೇಳಿದೆ.

"ತೋಟದ್ದು. ನಾನಿಲ್ಲದಾಗ ಮಗ ತಪ್ಪಿ ಟಗರಿಗೆ ಹಾಕಬಾರದಲ್ವಾ?"